ಗೂಢಚಾರಿ ಪಿಚ್ಚರೂ ನಮ್ಮೂರ ಪಂಚರೂ

ಅಂಗಡಿ ಇಟ್ಟು ಕೂತವನ ಕಣ್ಣ ಮುಂದೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಊರಿನ ಹಿರಿಯರು ಏನನ್ನಾದರೂ ಬ್ಯಾಡ ಅಂದರಂತೂ ಕೇಳಲೇ ಬೇಡಿ, ದಿನಕ್ಕೊಂದು ನಡೆಯುತ್ತದೆ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರು ಬ್ಯಾಡ ಅಂದದ್ದು ಒಂದು ಗೂಢಚಾರಿ ಪಿಚ್ಚರನ್ನು. ಅದನ್ನು ತರಿಸಿದವನು ನಾನು. ಇವತ್ತಿನವರೆಗೆ ಅದಕ್ಕಾಗಿ ಯಾರ ಮುಂದೂ ಕೈ ಮುಗಿದಿಲ್ಲ, ಮುಗಿಯುವುದೂ ಇಲ್ಲ.

೧. ಹನ್ನೊಂದು ಮಂದಿ

ನಮ್ಮೂರು ಅಣ್ಣಿಗೇರಿ–ನವಲಗುಂದದ ನಡುವಿನ ಎರೆ ನೆಲದಲ್ಲಿದೆ. ನನ್ನದು ಬಟ್ಟೆ ಮತ್ತು ಕಿರಾಣಿ ಅಂಗಡಿ. ಹಿಂದಿನ ಬಯಲಿನಲ್ಲಿ ಸುಗ್ಗಿಗೆ ಹತ್ತಿ ಒಟ್ಟುತ್ತಿದ್ದೆ, ಬೇಸಿಗೆಯಲ್ಲಿ ಅದು ಖಾಲಿ. ಅಲ್ಲಿ ಒಬ್ಬ ಟೂರಿಂಗ್ ಟಾಕೀಸಿನವನು ಡೇರೆ ಹೊಡೆದ. ಹಿರಿಯರ ಅಪ್ಪಣೆಯಂತೆ ಮೊದಲು ದೇವರ ಪಿಚ್ಚರ್ ಹಾಕಿದ. ಮೂರನೆಯ ದಿನ ಡೇರೆಯೊಳಗೆ ಹನ್ನೊಂದು ಮಂದಿ. ಅದರಲ್ಲಿ ನಾಲ್ವರು ಡೇರೆಯ ಆಳುಗಳು.

ಮಾಲಕ ಹಗ್ಗ ಸುತ್ತತೊಡಗಿದ. ನಾನು ಹೇಳಿದೆ: "ಮಾಲು ಹೋಗಲಿಲ್ಲಂದ್ರ ಅಂಗಡಿ ಮುಚ್ಚತಾರೇನೋ? ಮಾಲು ಬದಲಿ ಮಾಡು."

ಅವನು ಹುಬ್ಬಳ್ಳಿಯಿಂದ ಹಿಂದಿ ಪಿಚ್ಚರೊಂದನ್ನು ತಂದ. ರೊಕ್ಕ ನೀರಿನ ಹಾಗೆ ಚೆಲ್ಲಿ ತೆಗೆದದ್ದು. ವಿಮಾನ, ಹಿಮದ ಗುಡ್ಡ, ಸಾಲು ಸಾಲು ಸುಡುವ ಕಾರು, ನಡುವೆ ಬಿಳಿ ಕೋಟಿನ ಒಬ್ಬ ಗೂಢಚಾರಿ. ಅವತ್ತು ಸಂಜೆ ಸುತ್ತಲಿನ ಹಳ್ಳಿಗಳ ಚಕ್ಕಡಿಗಳು ನನ್ನ ಅಂಗಡಿಯ ಮೆಟ್ಟಿಲತನಕ ನಿಂತವು.

ಮರುದಿನ ಮುಂಜಾನೆ ದಲಾಲಿ ಕಾಕಾ ಬಂದರು. ಜೀವಮಾನವೆಲ್ಲ ಎತ್ತಿನ ದಲಾಲಿ ಮಾಡಿದವರು, ಊರಿನ ಪಂಚರಲ್ಲಿ ಹಿರಿಯರು.

"ತಮ್ಮಾ, ದೇವರನ್ನ ಎಬ್ಬಿಸಿ ಗುಂಡು ಹೊಡಿಯಾವನ್ನ ಕೂಡಿಸೀಯಂತ. ಎಂಟು ದಿನದಾಗ ಡೇರೆ ಕೀಳು. ಇಲ್ಲಾಂದ್ರ ಊರ ಮಂದಿ ನಿನ್ನ ಅಂಗಡಿಗೆ ಕಾಲಿಡಂಗಿಲ್ಲ."

"ಕಾಕಾ, ದೇವರ ಪಿಚ್ಚರ್ ನೀವು ನೋಡಿದ್ರೇನ್ರಿ?"

"ನನಗೆಲ್ಲೈತಿ ಟೈಮು?"

"ದೇವರಿಗೆ ನಿಮಗ ಟೈಮಿಲ್ಲ, ದಿನಾ ಹೊಲಕ್ಕ ಹೋಗಾವ್ರಿಗೆ ಎಲ್ಲಿಂದ ಬರಬೇಕ್ರಿ?"

ಕಾಕಾ ರುಮಾಲು ಬಿಗಿದುಕೊಂಡು ಹೋದರು. ಆದರೆ ಅದು ಬರೀ ಬೆದರಿಕೆ ಅಲ್ಲ ಅನ್ನುವುದು ನನಗೆ ಗೊತ್ತಿತ್ತು. ಅವರು ಕೂಡು ಅಂದರೆ ಊರು ಕೂಡುತ್ತಿತ್ತು, ಏಳು ಅಂದರೆ ಏಳುತ್ತಿತ್ತು. ಊರು ಬಿಟ್ಟ ಅಂಗಡಿಯೊಳಗೆ ಇಲಿಯೂ ಇರುವುದಿಲ್ಲ. ಗೊತ್ತಿದ್ದೂ ಡೇರೆ ಕೀಳಿಸಲಿಲ್ಲ. ನನ್ನ ಬಯಲಿನಲ್ಲಿ ಏನು ಆಡಬೇಕು ಅನ್ನುವುದನ್ನು, ಅದನ್ನು ನೋಡದವರು ಹೇಳಬಾರದು.

೨. ಸೇತುವೆ

ಎರಡನೆಯ ಸಂಜೆ ಡೇರೆ ಕಿಕ್ಕಿರಿದಿತ್ತು. ಪಿಚ್ಚರಿನಲ್ಲಿ ಗೂಢಚಾರಿ ಒಂದು ದೊಡ್ಡ ಸೇತುವೆಯನ್ನು ಮದ್ದಿಟ್ಟು ಹಾರಿಸುತ್ತಾನೆ. ಹುಬ್ಬಳ್ಳಿಯಲ್ಲಿ ಅಲ್ಲಿಗೆ ಸೀಟಿ ಬೀಳುತ್ತಿದ್ದವಂತೆ. ನಮ್ಮಲ್ಲಿ ಒಂದೂ ಬೀಳಲಿಲ್ಲ. ನೆಲದ ಮೇಲೆ ಕೂತಿದ್ದ ಒಬ್ಬ ರೈತ ಎದ್ದು ನಿಂತ. ಮಳೆಗಾಲ ಬಂದರೆ ಅವನ ಚಕ್ಕಡಿ ಹಳ್ಳದ ಈಚೆ, ಹೊಲ ಆಚೆ.

"ನಮ್ಮ ಹಳ್ಳಕ್ಕೊಂದು ಸೇತುವಿ ಕೊಡ್ರಿ ಅಂತ ಅರ್ಜಿ ಕೊಟ್ಟು ಕೊಟ್ಟು ನಮ್ಮಪ್ಪ ಸತ್ತ. ಈ ಮಗ ಗಟ್ಟಿಮುಟ್ಟ ಇದ್ದ ಸೇತುವಿ ಉಡಾಯಿಸ್ಯಾನಲ್ರೆಪಾ."

ಹಿಂದಿನವನು ಅಂಗಿ ಹಿಡಿದು ಜಗ್ಗಿದ. "ಕುಂದರಲೇ, ಅದು ವಿಲನ್ ಕಟ್ಟಿಸಿದ ಸೇತುವಿ."

"ಹೌದಾ? ಹಂಗಾರ ನಮ್ಮ ಓಟು ಅವಂಗ."

೩. ಊಟವಿಲ್ಲದ ನೌಕರಿ

ದಲಾಲಿ ಕಾಕಾನ ಅಕ್ಕ ತಮ್ಮನ ಮನೆಯಲ್ಲೇ ಇದ್ದರು. ಗಂಡ ಸತ್ತ ಮೇಲೆ ಮಗನನ್ನು ಕರೆದುಕೊಂಡು ಬಂದವರು; ಬಂದ ದಿನದಿಂದ ಆ ಮನೆಯ ಯಜಮಾನಿ. ಎರಡೂ ಸಂಜೆ ಅವರು ಡೇರೆಯಲ್ಲಿದ್ದದ್ದನ್ನು ನಾನೇ ನೋಡಿದ್ದೆ. ಬೆಲ್ಲ ಒಯ್ಯಲು ಬಂದಾಗ ಕೇಳಿದೆ:

"ಅವ್ವಾರ, ನಿಮ್ಮ ತಮ್ಮ ಬ್ಯಾಡ ಅಂದಾರಲ್ರಿ?"

"ಅವಂಗ ಅಂಗಿ ಗುಂಡಿ ಹಾಕ್ಕೊಳ್ಳೂದು ಕಲಿಸಿದಾಕಿ ನಾನು. ನನಗ ಬ್ಯಾಡ ಅನ್ನಾಕ ಅಂವ ಯಾರು?"

"ಪಿಚ್ಚರ್ ಹ್ಯಾಂಗಿತ್ರಿ?"

"ಚಲೋ ಐತಿ. ಆದ್ರ ಆ ಹುಡುಗ ಮೊದಲಿಂದ ಕಡೀತನಕ ಓಡ್ತಾನ, ಜಿಗೀತಾನ, ಮಂದೀನ ಕೊಲ್ತಾನ. ಒಂದು ತುತ್ತು ಉಣ್ಣಂಗಿಲ್ಲ. ಎಂಥಾ ಸರಕಾರಪ್ಪ ಅದು?" ಬೆಲ್ಲದ ಗಂಟು ಎತ್ತಿಕೊಂಡು ಮೆಟ್ಟಿಲಿಳಿಯುತ್ತ ಮಾತು ಮುಗಿಸಿದರು. "ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಹಾಕಿದ್ರ ಅರ್ಧ ಮಂದಿ ಉಳೀತಿದ್ರು."

೪. ಬಿಳಿ ಕೋಟು

ಆ ವಾರ ನನ್ನ ಅಂಗಡಿಯ ಬಿಳಿ ಡ್ರಿಲ್ ಬಟ್ಟೆಯ ಥಾನು ಮುಗಿಯಿತು. ಹುಡುಗರಿಗೆಲ್ಲ ಗೂಢಚಾರಿಯ ಕೋಟು ಬೇಕು. ನಮ್ಮೂರ ದರ್ಜಿ ಪಿಚ್ಚರ್ ನೋಡಿ ಬಂದು ಹೊಲಿದ. ಕೋಟು ಬರೀ ಸಪ್ಪಗೆ ಕಂಡಿತೆಂದು ತನ್ನ ಕಡೆಯಿಂದ ಹಿತ್ತಾಳೆ ಗುಂಡಿ ಎರಡು ಸಾಲು ಹಚ್ಚಿದ, ಹೆಗಲಿಗೆ ಜರಿ ಪಟ್ಟಿ ಬಡಿದ.

ಮೊದಲ ಕೋಟು ತೊಟ್ಟವನು ಅದೇ ಅಕ್ಕನ ಮಗ. ಅದನ್ನು ಹಾಕಿಕೊಂಡೇ ಕಾಕಾನ ಜೊತೆ ಶಲವಡಿಗೆ ಕನ್ಯೆ ನೋಡಲು ಹೋದ. ಕಾಕಾ ದಾರಿಯುದ್ದಕ್ಕೂ ಬೈದರು, ಹುಡುಗ ಕೋಟು ತೆಗೆಯಲಿಲ್ಲ. ಕನ್ಯೆಯ ಅಪ್ಪ ಹೊರಗೆ ಬಂದು, ಕಾಕಾನಿಗೆ ನಮಸ್ಕಾರ ಮಾಡಿ, ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದರಂತೆ:

"ಬ್ಯಾಂಡಿನಾವನ್ನ ಯಾಕ ಕರಕೊಂಡ ಬಂದ್ರಿ? ಇನ್ನೂ ಮಾತುಕತಿನ ಆಗಿಲ್ಲ."

೫. ತೀರ್ಪು

ಶಲವಡಿಯಿಂದ ಬಂದವರೇ ಕಾಕಾ ನೇರ ನನ್ನ ಅಂಗಡಿಗೆ ಬಂದರು. ತಲೆಯ ರುಮಾಲು ಸಡಿಲಾಗಿತ್ತು.

"ನಾಳಿ ಸಂಜೀಕ ಪಂಚರು ಬಂದು ನೋಡ್ತೀವಿ. ನೋಡಿ, ಮಂದಿ ಮುಂದ ಡೇರೆ ಕೀಳಸ್ತೀವಿ."

"ನೋಡೂಕ ಮೊದಲ ತೀರ್ಪು ಆಗೇದಂದ್ರ ನೋಡೂದ್ಯಾಕ್ರಿ? ಇರ್ಲಿ, ಬರ್ರಿ. ಟಿಕೀಟು ತಗೊಂಡು ಬರ್ರಿ."

"ಪಂಚರಿಗೆ ಟಿಕೀಟು?"

"ಪುಕ್ಕಟೆ ನೋಡಿದ್ರ ಲಂಚ ತಿಂದಂಗ ಆಗ್ತದ್ರಿ ಕಾಕಾ."

ಐವರೂ ಟಿಕೀಟು ತಗೊಂಡೇ ಬಂದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದೆ, ಕಾಕಾನ ಬಾಜು ನಾನು ಕೂತೆ. ಅರ್ಧ ಪಿಚ್ಚರಿನವರೆಗೆ ಅವರು ಪರದೆಯನ್ನು ಕುಂಟುವ ಎತ್ತನ್ನು ನೋಡುವ ಹಾಗೆ ನೋಡಿದರು. ಅಷ್ಟರಲ್ಲಿ ವಿಲನ್ ಒಂದು ಪೆಟ್ಟಿಗೆ ನೋಟು ತೆರೆದಿಟ್ಟು ಗೂಢಚಾರಿಯ ಹತ್ತಿರ ಗುಟ್ಟಿನ ನಕಾಶೆ ಕೇಳಿದ. ಗೂಢಚಾರಿ ಕಿಸೆಗೆ ಕೈ ಹಾಕಿದ. ಕಾಕಾ ಕುರ್ಚಿ ಬಿಟ್ಟು ಎದ್ದರು.

"ಲೇ ಹುಚ್ಚಾ, ಮೊದಲ ಮಾತಿಗೆ ಮಾಲು ತಗೀತಾರೇನು? ಎದ್ದು ಹೊಂಡು. ನಾಕು ಹೆಜ್ಜಿ ಹ್ವಾದ್ರ ತಾನ ಕರೀತಾನ."

ಪರದೆಯ ಮೇಲೆ ಗೂಢಚಾರಿ ಎದ್ದ. ಬಾಗಿಲತನಕ ನಡೆದ. ವಿಲನ್ ಕರೆದ.

ಡೇರೆ ಸೀಟಿಯಿಂದ ಹರಿದುಹೋಗುವ ಹಾಗಾಯಿತು. ಸೀಟಿ ಹೊಡೆದದ್ದು ಗೂಢಚಾರಿಗಲ್ಲ, ಕಾಕಾನಿಗೆ. ಅವರು ಮೀಸೆ ಸರಿಮಾಡಿಕೊಂಡು ಕೂತರು.

ರೀಲು ಬದಲಿಸಲು ದೀಪ ಹಾಕಿದರು. ಉಳಿದ ಪಂಚರು ಕಾಕಾನ ಮುಖ ನೋಡಿದರು, ಮಂದಿ ಎಲ್ಲ ನೋಡಿದರು. ಡೇರೆ ಕೀಳಿಸುತ್ತೇನೆಂದು ಊರಿಗೆಲ್ಲ ಹೇಳಿದವರು, ಮಾತು ನುಂಗುವ ಹಾಗಿಲ್ಲ. ಕಾಕಾ ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಕೈ ಮೇಲೆ ಹೊದಿಸಿದರು.

ದನದ ಸಂತೆಯಲ್ಲಿ ದಲಾಲರ ವ್ಯಾಪಾರ ಹೀಗೇ. ವಸ್ತ್ರದ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ, ಬಾಯಿ ಬೇರೆಯದನ್ನೇ ಆಡುತ್ತಿರುತ್ತದೆ, ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಕಾಕಾ ನನ್ನ ಒಂದು ಬೆರಳು ಹಿಡಿದರು: ಇನ್ನೊಂದು ದಿನ ಆಡಿಸು.

ಬಾಯಿ ಹೇಳಿತು: "ಊರು ಕೆಡಿಸಿದಿ, ತಮ್ಮಾ."

ನಾನು ಅವರ ಐದೂ ಬೆರಳು ಹಿಡಿದೆ. "ತಪ್ಪಾತ್ರಿ ಕಾಕಾ."

ಅವರು ಎರಡು ಹಿಡಿದರು. "ಹುಡುಗ್ರು ಹಾಳಾದ್ರು."

ನಾನು ಕೈ ಕಿತ್ತುಕೊಂಡು ಎದ್ದು ಎರಡು ಹೆಜ್ಜೆ ಹೋದೆ. ಕಾಕಾ ನನ್ನ ಅಂಗಿ ಹಿಡಿದು ಕೂರಿಸಿ ನಾಲ್ಕು ಬೆರಳು ಒತ್ತಿದರು. ಆಮೇಲೆ ಎದ್ದು ನಿಂತು ಗುಡುಗಿದರು:

"ನಾಕು ದಿನ. ನಾಕು ದಿನದ ಮ್ಯಾಲೆ ಈ ಡೇರೆ ಇಲ್ಲಿ ಕಾಣಬಾರದು."

ಎಂಥ ಕಟ್ಟುನಿಟ್ಟು ಎಂದು ಪಂಚರು ತಲೆಯಾಡಿಸಿದರು. ಡೇರೆ ಮಾಲಕ ಮಾತ್ರ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಸಾವಕಾರ್ರ, ನಮ್ಮ ಕಡೆ ಇರೂದ ಎರಡು ದಿನ. ನಾಡದು ಪಿಚ್ಚರ್ ಪೆಟಿಗಿ ಗದಗಿಗೆ ಹೋಗಬೇಕು."

ಮುಂಜಾನೆ ಕಾಕಾನ ಮನೆಗೆ ಹೋಗಿ ಹೇಳಿದೆ. "ಖುಷಿಯಾತೇನ್ರಿ? ಡೇರೆ ಎರಡ ದಿನಕ್ಕ ಹೋಗ್ತದ."

ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು.

"ಮಂದಿ ಮುಂದ ನಾಕು ಅಂದೀನಿ, ಎರಡಕ್ಕ ಕಿತ್ತು ನನ್ನ ಮಾತು ಸುಳ್ಳು ಮಾಡ್ತೀಯೇನು? ಗದಗಿನವ್ರಿಗೆ ಹೇಳಿ ಕಳಸು, ಪೆಟಿಗಿ ಬರಂಗಿಲ್ಲ, ಪಂಚರ ತೀರ್ಪು ಆಗೇತಿ ಅಂತ."