ಬೂದು ಬಣ್ಣದ ರಟ್ಟಿನ ಹಡಗು

ಆ ದಿನದ ರಂಪಕ್ಕೆಲ್ಲ ಮೂಲ ಒಂದು ಲೋಟ ಟೀ. ಮೇಲಿನ ಮನೆಯ ಸಲಹೆ ಸಾಹೇಬರು ಅದನ್ನು ಯುದ್ಧನೌಕೆಯ ಮೇಲೆ ಇಟ್ಟುಬಿಟ್ಟರು.

ಅವರನ್ನು ಪೂರ್ತಿ ಬಯ್ಯುವ ಹಾಗೂ ಇರಲಿಲ್ಲ. ಧೂಳು ಕೂರಬಾರದೆಂದು ನೌಕೆಗೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಮುಂದಿನ ಭಾಗ ಮಟ್ಟಸವಾಗಿ, ದಯವಿಟ್ಟು ನನ್ನ ಮೇಲೆ ಏನಾದರೂ ಇಡಿ ಅನ್ನುವ ಹಾಗೆ ಕಾಣುತ್ತಿತ್ತು. ಸಾಹೇಬರು ದಿನಾ ಬೆಳಿಗ್ಗೆ ಪೇಪರ್ ಓದಲು ಇಳಿದು ಬರುವವರು. ಪೇಪರ್ ಬಿಡಿಸಲು ಎರಡು ಕೈ ಬೇಕು, ಲೋಟ ಎಲ್ಲಿಡುವುದು?

"ಸಾರ್, ಅಲ್ಲಿ ಬೇಡ ಸಾರ್!" ಎಂದು ನಕ್ಷೆಗಾರ ಅರ್ಧ ಬೋಳಿಸಿದ ಗಡ್ಡದಲ್ಲೇ ಬಚ್ಚಲಿನಿಂದ ಓಡಿಬಂದ. ಆ ಕೂಗಿಗೆ ಸಾಹೇಬರು ಬೆಚ್ಚಿಬಿದ್ದರು. ಲೋಟ ವಾಲಿತು. ಟೀ ಬೆಡ್‌ಶೀಟಿನ ಮೂಲಕ, ಮನೆಯ ದಾರಿ ಚೆನ್ನಾಗಿ ಗೊತ್ತಿರುವ ನೆಂಟನ ಹಾಗೆ, ಅವಸರವಿಲ್ಲದೆ ಒಳಗೆ ಹೋಯಿತು.

ರಟ್ಟಿನ ಹಡಗು ಹೆದರುವುದು ಫಿರಂಗಿಗಲ್ಲ, ಒದ್ದೆಗೆ.

ನಕ್ಷೆಗಾರ ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವವನು. ಸಂಜೆ ಕ್ಲಾಸಿಗೆ ಹೋಗಿ ಕಲಿತ ವಿದ್ಯೆ. ವಯಸ್ಸು ಐವತ್ತು ದಾಟಿದ್ದರೂ, ಗೆರೆ ಎಳೆದ ಮೇಲೆ ಅದು ನೇರವಾಗಿದೆಯೇ ಎಂದು ಇನ್ನೊಂದು ಸ್ಕೇಲು ಇಟ್ಟು ನೋಡುವ, ಆಮೇಲೆ ಆ ಸ್ಕೇಲು ನೇರವಾಗಿದೆಯೇ ಎಂದು ಚಿಂತಿಸುವ ಪ್ರಾಣಿ. ಇಂಥವನು ಒಂದು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಕಟ್ಟಿದ್ದು ಅಪ್ಪ ಕೆಲಸ ಮಾಡಿದ ಹಡಗನ್ನು. ನಿಜವಾದ ಹಡಗು ಎಂದೋ ಗುಜರಿಗೆ ಹೋಗಿತ್ತು. ಅಪ್ಪ ಈಗ ಅಕ್ಕನ ಮನೆಯಲ್ಲಿದ್ದರು. ಅವರ ಹಳೆಯ ಜೊತೆಗಾರರೆಲ್ಲ ಈ ದಿನ ಸಂಜೆ ಒಂದು ಹಾಲ್‌ನಲ್ಲಿ ಸೇರುವವರಿದ್ದರು. ಅಪ್ಪ ನೇರ ಅಲ್ಲಿಗೇ ಬರುತ್ತಾರೆ. ಎಲ್ಲರೆದುರು ಮೇಜಿನ ಮೇಲೆ ಹಡಗು ಇಟ್ಟು ಬೆಡ್‌ಶೀಟು ಸರಿಸಬೇಕು.

ಆಗ ಅಪ್ಪ "ಚೆನ್ನಾಗಿದೆ" ಅನ್ನಬೇಕು. ಅಷ್ಟೇ ಆಸೆ.

ಅಪ್ಪ ಜನ್ಮದಲ್ಲಿ ಆ ಮಾತು ಆಡಿದವರಲ್ಲ. ಮಗ ಪಾಸಾದಾಗ "ಹೂಂ" ಅಂದಿದ್ದರು. ಕೆಲಸ ಸಿಕ್ಕಿತು ಅಂದಾಗಲೂ "ಹೂಂ". ಸೊಸೆಯನ್ನು ಕರೆತಂದು ಮುಂದೆ ನಿಲ್ಲಿಸಿದಾಗಲೂ ಅದೇ "ಹೂಂ". ಸೊಸೆ ಅದನ್ನು ಇವತ್ತಿಗೂ ಮರೆತಿರಲಿಲ್ಲ.

ಹಡಗಿನ ಬಗ್ಗೆ ಅಪ್ಪನನ್ನು ನಕ್ಷೆಗಾರ ಒಂದು ಮಾತೂ ಕೇಳಿರಲಿಲ್ಲ. ಕೇಳಿದರೆ ಗುಟ್ಟು ಹೊರಬೀಳುತ್ತದಲ್ಲ! ಅವನಿಗಿದ್ದ ಆಧಾರವೆಂದರೆ ಗ್ರಂಥಾಲಯದ ಪುಸ್ತಕದಲ್ಲಿದ್ದ ಅಂಥದೇ ಹಡಗಿನ ಚಿತ್ರ, ಮತ್ತೆ ಚಿಕ್ಕಂದಿನ ಕಣ್ಣು. ಆಗೆಲ್ಲ ಅಮ್ಮ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರಿನ ಕಟ್ಟೆಯ ಮೇಲೆ ನಿಲ್ಲುತ್ತಿದ್ದಳು. ಬೆಳಗಿನ ಮಬ್ಬಿನಲ್ಲಿ ಹಡಗು ಸದ್ದಿಲ್ಲದೆ ಮುಂದಕ್ಕೆ ಸರಿಯುತ್ತಿತ್ತು. ಅದರ ಬೂದು ಬಣ್ಣ ನೀರಿನದೂ ಅಲ್ಲ, ಆಕಾಶದ್ದೂ ಅಲ್ಲ. ಅವೆರಡರ ಜಗಳ ಬಿಡಿಸಲು ನಡುವೆ ಹೋಗಿ ನಿಂತವನ ಬಣ್ಣ. ಹಡಗು ಕಾಣದಾದ ಮೇಲೂ ಅಮ್ಮ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದಳು. ಆಮೇಲೆ ಮನೆಗೆ ಬಂದು, ಏನೂ ಆಗಿಲ್ಲವೆಂಬಂತೆ, ಪಾತ್ರೆ ತೊಳೆಯಲು ಕೂರುತ್ತಿದ್ದಳು. ಅಮ್ಮ ಈಗಿಲ್ಲ. ಆ ಬೂದು ಬಣ್ಣ ಮಾತ್ರ ಅವನ ಕಣ್ಣಿನಲ್ಲಿ ಹಾಗೇ ಉಳಿದಿತ್ತು. ಅದನ್ನು ಹಿಡಿಯಲು ಡಬ್ಬಿಗಟ್ಟಲೆ ಬಣ್ಣ ಕಲಸಿ ಚೆಲ್ಲಿದ್ದ.

"ಬೂದು ಅಂದ್ರೆ ಬೂದು ಕಣ್ರೀ, ಬಳಿದು ಮುಗಿಸಿ," ಎಂದು ಹೆಂಡತಿ ಗೊಣಗುತ್ತಿದ್ದಳು.

"ಇದು ಮಧ್ಯಾಹ್ನದ ಬೂದು ಕಣೇ. ನನಗೆ ಬೆಳಗಿನದು ಬೇಕು."

ಕಟ್ಟುವ ಕೆಲಸವೂ ಹಾಗೆಯೇ. ಬಿಸ್ಕತ್ತಿನ ಪೆಟ್ಟಿಗೆ, ಸೋಪಿನ ಪೆಟ್ಟಿಗೆಗಳ ದಪ್ಪ ರಟ್ಟು ಕತ್ತರಿಸಿ, ಅಡ್ಡ ಉದ್ದ ಸೀಳಿನಲ್ಲಿ ಸಿಕ್ಕಿಸಿ, ಹಡಗಿಗೆ ಪಕ್ಕೆಲುಬು ಮಾಡಿದ್ದ. ಅದರ ಮೇಲೆ ತೆಳು ರಟ್ಟಿನ ಚರ್ಮ. ರಟ್ಟು ಒಂದು ಕಡೆಗೆ ಬಾಗು ಅಂದರೆ ಬಾಗುತ್ತದೆ, ಒಟ್ಟಿಗೇ ಎರಡು ಕಡೆಗೆ ಬಾಗು ಅಂದರೆ ಮುಖ ಸುಕ್ಕು ಮಾಡುತ್ತದೆ. ಹಡಗಿನ ಮೂತಿಗೆ ಬೇಕಾದದ್ದು ಅದೇ. ಮೂತಿಯನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ಬರೆದು, ಅಂಟಿಸಿ, ಕಿತ್ತು, ಮತ್ತೆ ಬರೆದು ಇಡೀ ಮಳೆಗಾಲ ಕಳೆದಿತ್ತು. ಮಡಿಚುವ ಗೆರೆಗಳನ್ನು ಶಾಯಿ ಮುಗಿದ ಬಾಲ್‌ಪೆನ್ನಿನಲ್ಲಿ ಒತ್ತಿದ್ದ. ಫಿರಂಗಿಯ ನಳಿಗೆಗಳನ್ನು ಹೆಂಡತಿಯ ಸ್ವೆಟರ್ ಕಡ್ಡಿಗೆ ಕಾಗದ ಸುತ್ತಿ ಮಾಡಿದ್ದ. ಆ ವರ್ಷ ಮನೆಯಲ್ಲಿ ಯಾರಿಗೂ ಸ್ವೆಟರ್ ಆಗಲಿಲ್ಲ.

ಈಗ ಬೆಡ್‌ಶೀಟು ಸರಿಸಿ ನೋಡಿದರೆ ಮುಂದಿನ ಡೆಕ್ಕು ಮುನಿಸಿಕೊಂಡವರ ತುಟಿಯ ಹಾಗೆ ಉಬ್ಬಿ ಕೂತಿದೆ.

"ಇಷ್ಟಕ್ಕೆಲ್ಲ ಹೀಗೆ ಬೆವರ್ತಾರೇನ್ರೀ?" ಎಂದರು ಸಾಹೇಬರು, ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದು. "ಇಸ್ತ್ರಿ ಹಾಕಿಸಿ. ಐದು ನಿಮಿಷದ ಕೆಲಸ."

ಬೇಡ ಅನ್ನುವಷ್ಟರಲ್ಲಿ ಅವರು ಕಿಟಕಿಯಿಂದ ಬಗ್ಗಿ ಕೆಳಮನೆಯ ಟೈಲರನ್ನು ಕೂಗಿ ಆಗಿತ್ತು. ಟೈಲರ್ ಇಸ್ತ್ರಿಪೆಟ್ಟಿಗೆ ಹಿಡಿದೇ ಹತ್ತಿಬಂದ.

"ಬಟ್ಟೆ ಯಾವುದು ಸಾರ್?"

"ಬಟ್ಟೆ ಅಲ್ಲಪ್ಪ, ರಟ್ಟು."

"ಹಾಗಾದ್ರೆ ಕಾಲರಿನ ಬಿಸಿ ಸಾಕು."

ಡೆಕ್ಕು ನಿಜಕ್ಕೂ ಮಟ್ಟಸವಾಯಿತು. ನಕ್ಷೆಗಾರ ಸ್ಕೇಲು ಇಟ್ಟು ನೋಡಲು ಹೊರಟ. ಅಷ್ಟರಲ್ಲಿ ಆ ಬಿಸಿ ಒಳಗಿನ ಅಂಟಿಗೆ ತಾಗಿ ಹೊಗೆ ಕೊಳವೆ, ಉಂಡು ಕುರ್ಚಿಗೆ ಒರಗಿದವರ ಹಾಗೆ, ಮೆಲ್ಲಗೆ ಹಿಂದಕ್ಕೆ ವಾಲಿತು.

"ಅಯ್ಯೋ, ಕೊಳವೆ!"

"ಇರಲಿ ಬಿಡ್ರೀ, ಜೋರಾಗಿ ಹೋಗ್ತಾ ಇರೋ ಹಾಗೆ ಕಾಣುತ್ತೆ," ಎಂದರು ಸಾಹೇಬರು.

ಹೆಂಡತಿ ತಲೆಯಿಂದ ಕ್ಲಿಪ್ಪು ತೆಗೆದು ಕೊಳವೆಗೆ ಹಾಕಿ, ಅಂಟು ಒಣಗುವ ತನಕ ಪಕ್ಕದಲ್ಲೇ ಕೂತಳು. ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಕ್ಲಿಪ್ಪು ತೆಗೆದಾಗ ಕೊಳವೆ ನಿಂತಿತು. ನೆಟ್ಟಗೆ ಅಂತ ಹೇಳಲಾಗದಿದ್ದರೂ ನಿಂತಿತು.

ಮೆಟ್ಟಿಲಲ್ಲಿ ಇನ್ನೊಂದು ಕತೆ. ಒಬ್ಬ ಮನುಷ್ಯ ಎರಡೂ ಕೈ ಚಾಚಿದಷ್ಟು ಉದ್ದದ ಹಡಗು ಆ ತಿರುವಿನಲ್ಲಿ ಮಲಗಿಕೊಂಡು ಹೋಗುವಂತಿರಲಿಲ್ಲ. ಮುಂದೆ ಸಾಹೇಬರು, ಹಿಂದೆ ಟೈಲರ್, ನಡುವೆ ನಕ್ಷೆಗಾರ.

"ಮೂತಿ ಎತ್ತಿ, ಮೂತಿ ಎತ್ತಿ!" ಸಾಹೇಬರ ಅಪ್ಪಣೆ.

"ಬೇಡ ಸಾರ್! ಫಿರಂಗಿ ಗೂಡು ಅಂಟಿಸಿಲ್ಲ. ತಿರುಗಲಿ ಅಂತ ಸುಮ್ಮನೆ ಕೂರಿಸಿದೀನಿ."

"ಯಾಕೆ ತಿರುಗಬೇಕು? ಯಾರ ಮೇಲಾದ್ರೂ ಯುದ್ಧ ಇದೆಯಾ?"

ಮೂತಿ ಮೇಲೆದ್ದಿತು. ದೊಡ್ಡ ಫಿರಂಗಿ ಗೂಡು ತನ್ನ ಎರಡೂ ನಳಿಗೆಗಳ ಸಮೇತ ಡೆಕ್ಕಿನ ಮೇಲೆ ಜಾರಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಬಾಗಿಲು ದಾಟಿ ರಸ್ತೆಗೆ ಹೋಯಿತು. ಒಂದು ಸೈಕಲ್ಲು ಅದರ ಮೇಲೆ ಹಾದುಹೋಯಿತು. ನಕ್ಷೆಗಾರ ಎತ್ತಿಕೊಂಡು ನೋಡಿದ. ತಾನು ಅದನ್ನು ಮೊದಲ ಸಲ ಕಾಗದದ ಮೇಲೆ ಬರೆದ ದಿನ ಎಷ್ಟು ಚಪ್ಪಟೆಯಾಗಿತ್ತೋ ಅಷ್ಟೇ ಚಪ್ಪಟೆ.

ಟೈಲರಿಗೆ ಪಾಪ ಅನ್ನಿಸಿತು. ಅಂಗಡಿಗೆ ಓಡಿ, ದಾರ ಮುಗಿದ ಒಂದು ದಪ್ಪ ರೀಲು ತಂದು ಆ ಜಾಗದಲ್ಲಿಟ್ಟ. "ದೂರದಿಂದ ನೋಡಿದ್ರೆ ಗೊತ್ತೇ ಆಗಲ್ಲ ಸಾರ್."

"ಅಪ್ಪ ಹತ್ತಿರದಿಂದ ನೋಡ್ತಾರೆ ಕಣಪ್ಪ," ಎಂದ ನಕ್ಷೆಗಾರ. "ಅವರು ಅದರಲ್ಲೇ ಬದುಕಿದವರು. ಒಂದು ತಿರುಪು ಹೆಚ್ಚುಕಮ್ಮಿ ಆದ್ರೂ ಹಿಡೀತಾರೆ."

ಬಾಡಿಗೆ ಕಾರಿನಲ್ಲಿ ಹಡಗಿನ ಮೂತಿ ಒಂದು ಕಿಟಕಿಯಿಂದ, ಬಾಲ ಇನ್ನೊಂದು ಕಿಟಕಿಯಿಂದ ಹೊರಗಿತ್ತು. ಹೆಂಡತಿ ಮುಂದಿನ ಸೀಟಿನಲ್ಲಿ; ಗಂಡಸರು ಮೂವರೂ ಹಿಂದೆ, ಹಡಗಿನ ಕೆಳಗೆ ತಲೆ ಬಗ್ಗಿಸಿಕೊಂಡು. ಚೌಕದಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ.

"ಏನ್ರೀ ಇದು?"

"ಯುದ್ಧನೌಕೆ ಸಾರ್."

"ಎಲ್ಲಿಗೆ?"

"ನಮ್ಮಪ್ಪನಿಗೆ ತೋರಿಸೋದಕ್ಕೆ."

ಪೊಲೀಸ್ ಮೂತಿಯಿಂದ ಬಾಲದ ತನಕ ಒಮ್ಮೆ ನೋಡಿದ. ಆಮೇಲೆ ತಿರುಗಿ ಎದುರಿನ ಲಾರಿಗಳಿಗೆ ಸೀಟಿ ಊದಿದ. "ನಿಲ್ರೋ, ನಿಲ್ರೋ! ಹಡಗು ಹೋಗ್ಲಿ!"

ಹಾಲ್‌ನಲ್ಲಿ ಮುದುಕರೆಲ್ಲ ಸೇರಿದ್ದರು. ಒಬ್ಬರಿಗೆ ಕಿವಿ ಕೇಳದು, ಇನ್ನೊಬ್ಬರಿಗೆ ಮೊಣಕಾಲು ಬಗ್ಗದು. ಆದರೂ ಒಬ್ಬರ ಬೆನ್ನಿಗೊಬ್ಬರು ಗುದ್ದಿ ಮಾತಾಡಿಸುವುದರಲ್ಲಿ ಯಾರೂ ಕಮ್ಮಿಯಿರಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಮೇಜಿನ ಹತ್ತಿರ ಬಂದರು. ನಕ್ಷೆಗಾರ ಬೆಡ್‌ಶೀಟು ಸರಿಸಿದ.

ಅಪ್ಪ ಮೇಜಿಗೆ ಒಂದು ಸುತ್ತು ಬಂದರು. ದಾರದ ರೀಲನ್ನು ನೋಡಿದರು, ಮುಂದೆ ಹೋದರು. ವಾಲಿದ ಕೊಳವೆಯನ್ನು ನೋಡಿದರು, ಮುಂದೆ ಹೋದರು.

"ಯಾವ ಹಡಗೋ ಇದು?"

"ನಿಮ್ಮದೇ ಅಪ್ಪ."

"ನಮ್ಮದಾ?" ಅಪ್ಪ ಜೊತೆಗಾರರ ಕಡೆ ತಿರುಗಿದರು. "ಏನ್ರೋ, ನಮ್ಮ ಹಡಗು ಹೀಗಿತ್ತಾ?"

"ಇದ್ದಿರಬಹುದು. ನಾನೆಲ್ಲಿ ನೋಡಿದೀನಿ?" ಎಂದರು ಮೊಣಕಾಲು ನೋವಿನವರು.

"ಹತ್ತುವಾಗ ಏಣಿ ನೋಡ್ಕೊಂಡು ಹತ್ತುತ್ತಿದ್ವಿ. ಇಳಿದ ಮೇಲೆ ಮನೆ ಕಡೆ ಓಡ್ತಿದ್ವಿ," ಎಂದರು ಇನ್ನೊಬ್ಬರು. "ತಿರುಗಿ ಹಡಗು ನೋಡೋಕೆ ಯಾರಿಗೆ ಹುಚ್ಚು?"

ಅಲ್ಲಿದ್ದವರೆಲ್ಲ ಎಂಜಿನ್ ಕೋಣೆಯವರು. ಡೆಕ್ಕಿನ ಮೇಲಿನವರ ಕೂಟವೇ ಬೇರೆ, ಅದು ಮುಂದಿನ ವಾರ. ಅಪ್ಪ ಎಂಜಿನ್ ಕೋಣೆಯಲ್ಲಿದ್ದರು ಅನ್ನುವುದು ನಕ್ಷೆಗಾರನಿಗೆ ಗೊತ್ತಿರದ ಸಂಗತಿಯೇನಲ್ಲ. ತನ್ನ ರಕ್ತದ ಗುಂಪು ಗೊತ್ತಿರುವ ಹಾಗೆ ಗೊತ್ತಿತ್ತು. ಅದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ, ಅಷ್ಟೇ.

"ಅಲ್ಲಪ್ಪ, ಹಡಗು ಹೊರಡುವಾಗ ನಾನು, ಅಮ್ಮ ಕೈ ಬೀಸ್ತಿದ್ವಲ್ಲ? ಬಿಳಿ ಬಟ್ಟೆ ಹಾಕ್ಕೊಂಡು ಒಬ್ರು ಮೇಲಿಂದ ವಾಪಸ್ ಬೀಸ್ತಿದ್ರು..."

"ಹೊರಡೋ ಹೊತ್ತಲ್ಲಿ ನಾನು ಮೇಲೆ ಬಂದು ಕೈ ಬೀಸ್ತಾ ನಿಂತ್ರೆ ಹಡಗು ಹೊರಡೋದು ಹೇಗೋ? ನಾನು ಬಾಯ್ಲರ್ ಹತ್ತಿರ ಇರ್ತಿದ್ದೆ." ಅಪ್ಪ ಮಗನ ಮುಖ ನೋಡಿ ಕೇಳಿದರು. "ನಿಮ್ಮಮ್ಮನೂ ಬರ್ತಿದ್ಲಾ?"

"ಪ್ರತಿ ಸಲ."

ಅಪ್ಪ ಕನ್ನಡಕ ತೆಗೆದು ಮತ್ತೆ ಒರೆಸಿದರು. "ಯಾರೋ ಪುಣ್ಯಾತ್ಮ ಬೀಸಿದಾನೆ, ಬಿಡು. ಒಳ್ಳೇದಾಯ್ತು," ಎಂದು ಬಗ್ಗಿ ಹೊಗೆ ಕೊಳವೆಯೊಳಗೆ ಒಂದು ಕಣ್ಣಿಟ್ಟು ನೋಡಿದರು. ಬೆರಳು ಹಾಕಿದರು. ಬೆರಳು ಡೆಕ್ಕಿಗೆ ತಾಗಿ ನಿಂತಿತು.

"ಇದೇನೋ, ಮುಚ್ಚಿಬಿಟ್ಟಿದೀಯ! ಹೊಗೆ ಎಲ್ಲಿಂದ ಬರಬೇಕು? ಒಳಗೆ ಏನಿದೆ?"

ಸುಳ್ಳು ಹೇಳಲು ನಕ್ಷೆಗಾರನಿಗೆ ಬರುತ್ತಿರಲಿಲ್ಲ. "ಏನೂ ಇಲ್ಲಪ್ಪ."

"ಏನೂ ಇಲ್ವಾ?" ಅಪ್ಪನ ಮುಖದಲ್ಲಿ ನಿಜವಾದ ಗಾಬರಿ. "ಹಾಗಾದ್ರೆ ನಾವು?"

ಈ ಪ್ರಶ್ನೆಗೆ ಉತ್ತರವೆಂಬಂತೆ ಟೈಲರ್ ಹತ್ತಿರ ಒಂದು ಕತ್ತರಿ ಇತ್ತು. ಜೇಬಿನಲ್ಲಿ ಕತ್ತರಿಯಿಲ್ಲದೆ ಹೊಸ್ತಿಲು ದಾಟದ ಮನುಷ್ಯ ಅವನು. ಅಪ್ಪ ಕೈ ಚಾಚಿದರು, ಅವನು ಕೊಟ್ಟುಬಿಟ್ಟ. ಒಂದು ವರ್ಷದ ಭಾನುವಾರಗಳ ಪಕ್ಕೆಯಲ್ಲಿ ಕತ್ತರಿ ಕರಕರನೆ ಓಡಿತು.

ಒಳಗಿನಿಂದ, ಹಳೆಯ ಪೆಟ್ಟಿಗೆಯ ಚಿತ್ರದಲ್ಲಿ ಬಿಸ್ಕತ್ತು ಹಿಡಿದ ಒಂದು ಮಗು ನಗುತ್ತಾ ಹೊರಗೆ ನೋಡಿತು. ಪಕ್ಕದಲ್ಲಿ ಅರ್ಧ ಸೋಪು. ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈ ಮಗು ಇರೋ ಜಾಗದಲ್ಲಿ ಬಾಯ್ಲರ್ ಇತ್ತು ಕಣ್ರೋ," ಎಂದರು ಅಪ್ಪ.

"ಅದರ ಪಕ್ಕದ ಪೈಪಿನ ಮೇಲೆ ನಾವು ಟೀ ಬಿಸಿ ಮಾಡ್ತಿದ್ದಿದ್ದು."

"ಆ ಪೈಪು ಎಡಗಡೆ."

"ನಿನ್ನ ತಲೆ! ಬಲಗಡೆ. ನನ್ನ ಮೊಣಕೈ ಸುಟ್ಟದ್ದು ಬಲಗಡೆ, ನೋಡು ಬೇಕಾದ್ರೆ!"

ತೋಳು ಮೇಲಕ್ಕೆ ಸರಿಸಿ ಹಳೆಯ ಕಲೆಗಳನ್ನು ತೋರಿಸಿಕೊಂಡರು. ಅಡ್ಡ ಬಂದ ಪಕ್ಕೆಲುಬುಗಳನ್ನು ಒಂದೊಂದಾಗಿ ಕಿತ್ತೆಸೆದರು. ಕಿವಿ ಕೇಳದವರು ಬಾಯಲ್ಲೇ ಎಂಜಿನ್ನಿನ ಸದ್ದು ಮಾಡಿ ತೋರಿಸಿದರು. ಅದನ್ನು ಕೇಳಿ ಎಲ್ಲರೂ ಒಟ್ಟಿಗೇ ಮಾತು ಶುರುಮಾಡಿದರು. ಅಪ್ಪ ಐವತ್ತು ವರ್ಷದಲ್ಲಿ ಆಡದಷ್ಟು ಮಾತನ್ನು ಅರ್ಧ ಗಂಟೆಯಲ್ಲಿ ಆಡಿ ಮುಗಿಸಿದರು. ನಕ್ಷೆಗಾರ ನಗಬೇಕೋ ಅಳಬೇಕೋ ತಿಳಿಯದೆ, ತುಂಡಾದ ಮೂತಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಕೊನೆಗೆ ಅಪ್ಪ ಅವನ ಹೆಗಲ ಮೇಲೆ ಕೈ ಇಟ್ಟರು.

"ಚೆನ್ನಾಗಿದೆ ಕಣೋ."

ನಕ್ಷೆಗಾರನಿಗೆ ಕಣ್ಣು ಮಂಜಾಯಿತು. "ನಿಜವಾಗ್ಲೂ, ಅಪ್ಪ?"

"ಹೌದೋ, ಡಬ್ಬಿ ತುಂಬ ಚೆನ್ನಾಗಿ ಮಾಡಿದೀಯ. ಇನ್ನು ಹಡಗು ಮಾಡೋಣ. ನಾಳೆಯಿಂದ ನಾನು ನಿಮ್ಮನೆಯಲ್ಲೇ ಇರ್ತೀನಿ. ಒಳಗಿಂದು ನಿನಗೆ ಏನೂ ಗೊತ್ತಿಲ್ಲ."

"ನಾವೂ ಬರ್ತೀವಿ," ಎಂದರು ಮುದುಕರೆಲ್ಲ. ಸಲಹೆ ಸಾಹೇಬರು ತಮ್ಮ ಮನೆಯ ಕುರ್ಚಿಗಳನ್ನೂ ಕೆಳಗೆ ಇಳಿಸುತ್ತೇನೆಂದು ಮಾತು ಕೊಟ್ಟರು.

ಹೆಂಡತಿ ಮೆಲ್ಲಗೆ ಗಂಡನ ತೋಳು ತಿವಿದಳು. "ಅಂದ್ರಲ್ರೀ ಕೊನೆಗೂ! ಚೆನ್ನಾಗಿದೆ ಅಂದ್ರಲ್ಲ!"

"ಡಬ್ಬಿಗೆ ಅಂದ್ರು ಕಣೇ."

ಅಷ್ಟರಲ್ಲಿ ಅಪ್ಪ ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು.

"ಲೋ, ಇನ್ನೊಂದು ಮಾತು. ಎಂಜಿನ್ನು ತಿರುಗಬೇಕು. ಸುಮ್ಮನೆ ಅಂಟಿಸಿ ಯಾಮಾರಿಸಬೇಡ."