ತೈಸ್ತೊ ಧೂಳು ಓಡಿಸಿದ್ದು

ಹೆದರಿಕೆ ತೈಸ್ತೊನಿಗೆ ಸಂಬಳದ ಜೊತೆಗೇ ಬರುತ್ತಿತ್ತು. ವಿಮಾ ಕಚೇರಿಯಲ್ಲಿ ಅವನ ಕೆಲಸವೆಂದರೆ ಸುಟ್ಟುಹೋದ ಮನೆಗಳ ವರದಿ ಓದುವುದು. ಬಾಣಲೆ ಎಣ್ಣೆಯಿಂದ ಸುಟ್ಟ ಮನೆ, ಮೇಣದ ಬತ್ತಿಯಿಂದ ಸುಟ್ಟ ಮನೆ, ಬೆಕ್ಕು ದೀಪ ಉರುಳಿಸಿ ಸುಟ್ಟ ಮನೆ (ಬೆಕ್ಕು ಬದುಕಿತು, ಇಂಥ ವರದಿಗಳಲ್ಲಿ ಬೆಕ್ಕು ಯಾವಾಗಲೂ ಬದುಕುತ್ತದೆ). ಸಂಜೆ ಮನೆಗೆ ಬಂದರೆ ಟೋಸ್ಟರಿಗೂ ಬೆನ್ನು ತೋರಿಸಿ ಕೂರುವ ಧೈರ್ಯ ಅವನಿಗಿರಲಿಲ್ಲ. ಹೆದರಿಕೆಯಾಗದ ಜಾಗ ಭೂಮಿಯ ಮೇಲೆ ಒಂದೇ ಇತ್ತು, ತನ್ನ ನೆಲಮಾಳಿಗೆ. ಅಲ್ಲಿ ಅವನ ಗರಗಸದ ಮೇಜು ಮತ್ತು ಮರ ಕೀಸುವ ಯಂತ್ರ ಇದ್ದವು. ಹಲಗೆಯೊಂದು ಒರಟಾಗಿ ಒಳಹೋಗಿ ನುಣುಪಾಗಿ ಹೊರಬರುವುದನ್ನು ನೋಡುತ್ತಿದ್ದರೆ ಅವನ ಎದೆಬಡಿತವೂ ನುಣುಪಾಗುತ್ತಿತ್ತು. ಇಷ್ಟು ವರ್ಷದ ಸಾಧನೆಯೆಂದರೆ ಒಂದು ಸ್ಟೂಲು. ಅದರ ಮೇಲೆ ಕೂರುವವರಿಗೆ ತುಸು ದೈವಭಕ್ತಿ ಇರಬೇಕಾಗುತ್ತಿತ್ತು, ಆ ಮಾತು ಬೇರೆ.

ತೊಂದರೆ ಏನೆಂದರೆ ನೆಲಮಾಳಿಗೆಯ ಇನ್ನರ್ಧ ಸೌನಾ ಆಗಿತ್ತು. ಸುಪೀರಿಯರ್ ಸರೋವರದ ದಂಡೆಯ ಆ ಹಳೆಯ ಗಣಿ ಊರಿನ ಫಿನ್ನಿಷ್ ಮಂದಿ ಮೊದಲು ಸೌನಾ ಕಟ್ಟುತ್ತಾರೆ, ನೆನಪಾದರೆ ಅದರ ಮೇಲೊಂದು ಮನೆ ಕಟ್ಟುತ್ತಾರೆ. ಸೌದೆ ಒಲೆ, ಒಲೆಯ ಮೇಲೆ ಕಾದ ಕಲ್ಲು, ಕಲ್ಲಿನ ಮೇಲೆ ನೀರು, ಆ ಹಬೆಯಲ್ಲಿ ಮರದ ಬೆಂಚಿನ ಮೇಲೆ ಬೆವರುತ್ತ ಕೂರುವ ಜನ: ಶನಿವಾರವೆಂದರೆ ಇಷ್ಟೇ. ಈ ಸೌನಾ ಕಟ್ಟಿದ್ದು ಅವನ ಹೆಂಡತಿ ಐಲಿಯ ಅಪ್ಪ. ಅವರು ತೀರಿಹೋದ ಮೇಲೆ ಅತ್ತೆ ಹಿಲ್ಯಾ ಮನೆಯನ್ನು ಮಗಳು ಅಳಿಯನಿಗೆ ಬಿಟ್ಟು ಪಕ್ಕದ ಬೀದಿ ಸೇರಿದ್ದರು. ಮನೆ ಬಿಟ್ಟಿದ್ದರು, ಸೌನಾ ಬಿಟ್ಟಿರಲಿಲ್ಲ. ಶನಿವಾರದ ಮೊದಲ ಹಬೆ ಅವರದೇ.

ಆ ಶನಿವಾರ ಹಿಲ್ಯಾ ಸೌನಾದಿಂದ ಹೊರಬಂದವರು ಬೆನ್ನೊರೆಸಿದ ಬಿಳಿ ಟವೆಲನ್ನು ಅಳಿಯನ ಮುಂದೆ ಬಿಚ್ಚಿ ಹಿಡಿದರು. ಟವೆಲು ಕಂದು ಬಣ್ಣಕ್ಕೆ ತಿರುಗಿತ್ತು.

"ಇದೇನಪ್ಪಾ ತೈಸ್ತೊ?"

"ಅದು... ವಾಲ್‌ನಟ್ ಹೊಟ್ಟು, ಅತ್ತೆ. ಭಾರೀ ಒಳ್ಳೇ ಮರ."

"ಒಳ್ಳೇದಿದ್ರೆ ಅದರ ಪಾಡಿಗೆ ಅದಿರಲಿ. ನನ್ನ ಬೆನ್ನೇನು ಅದಕ್ಕೆ?"

"ಮೊನ್ನೆ ಏಲಕ್ಕಿ ಬ್ರೆಡ್ಡಿನ ಮೇಲೂ ಕೂತಿತ್ತಮ್ಮ," ಎಂದಳು ಐಲಿ. "ಇವನು ದಾಲ್ಚಿನ್ನಿ ಅನ್ಕೊಂಡು ಇನ್ನೊಂದು ಚೂರು ಹಾಕಿಸ್ಕೊಂಡ."

ಹಿಲ್ಯಾ ತೀರ್ಪು ಕೊಟ್ಟರು. "ಮುಂದಿನ ಶನಿವಾರ ಸೌನಾದಲ್ಲಿ ಒಂದೇ ಒಂದು ಕಣ ಕಂಡ್ರೂ, ನಿನ್ನ ಯಂತ್ರ ಎಲ್ಲಾ ನನ್ನ ತಮ್ಮನ ಕೊಟ್ಟಿಗೆಗೆ. ಹಸುಗಳ ಮಧ್ಯೆ ಕೂತು ಕೊಯ್ಕೋ. ಅವು ಪಾಪ, ಏನೂ ಅನ್ನಲ್ಲ."

ಹಸುವೆಂದರೂ ತೈಸ್ತೊನಿಗೆ ಹೆದರಿಕೆಯೇ. ಮರುದಿನವೇ ಧೂಳು ಎಳೆಯುವ ಯಂತ್ರ ಬಂತು. ಒಂದು ದೊಡ್ಡ ಫ್ಯಾನು, ಅದಕ್ಕೊಂದು ಚೀಲ, ಜೊತೆಗೆ ಮಾರುದ್ದದ ಪ್ಲಾಸ್ಟಿಕ್ ಪೈಪುಗಳು. ಬೇರೆ ಯಾರಾದರೂ ಆಗಿದ್ದರೆ ಪೈಪು ಸಿಕ್ಕಿಸಿ ಗುಂಡಿ ಒತ್ತಿ ಕೆಲಸ ಮುಗಿಸುತ್ತಿದ್ದರು. ತೈಸ್ತೊ ಮೊದಲು ಅಂತರ್ಜಾಲದಲ್ಲಿ ಓದಿದ. ಅಲ್ಲೇ ಕೆಟ್ಟ.

ಕಣ್ಣಿಗೆ ಕಾಣುವ ಧೂಳು ಬಡಪಾಯಿ, ಕಾಣದ ಧೂಳೇ ಯಮ ಎಂದು ಒಬ್ಬ ಬರೆದಿದ್ದ. ತೈಸ್ತೊ ಅಂದಿನಿಂದ ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಮಲಗಿದ. ಪ್ಲಾಸ್ಟಿಕ್ ಪೈಪಿನೊಳಗೆ ಧೂಳು ಉಜ್ಜಿ ಉಜ್ಜಿ ಕಿಡಿ ಹಾರುತ್ತದೆ, ಆ ಕಿಡಿಗೆ ಧೂಳು ಮದ್ದಿನ ಹಾಗೆ ಸಿಡಿಯುತ್ತದೆ ಎಂದು ಇನ್ನೊಬ್ಬ ಬರೆದಿದ್ದ. ತೈಸ್ತೊ ಇದ್ದಬದ್ದ ಪೈಪಿಗೆಲ್ಲ ತಾಮ್ರದ ತಂತಿ ಸುತ್ತಿ ಅರ್ತಿಂಗ್ ಕೊಟ್ಟ.

"ಪೈಪಿಗೆ ಒಡವೆ ಮಾಡಿಸಿದ್ಯಲ್ಲೋ!" ಎಂದಳು ಐಲಿ. "ಮದುವೇಲಿ ನನಗೆ ಒಂದೇ ಉಂಗುರ ತಂದಿದ್ದೆ."

"ತಮಾಷೆ ಮಾಡ್ಬೇಡ ಐಲಿ. ಸಿಡಿದ್ರೆ ನಾವಿಬ್ರೂ ಸರೋವರದಾಚೆ ಕೆನಡಾದಲ್ಲಿ ಬೀಳ್ತೀವಿ."

"ಬೀಳೋಣ ಬಿಡು. ಅಲ್ಲಿಗೆ ಅಮ್ಮ ಪ್ರತಿ ವಾರ ಬರೋಕಾಗಲ್ಲ."

ಆಮೇಲೆ ಮೂರನೆಯವನ ಮಾತು ಕಣ್ಣಿಗೆ ಬಿತ್ತು: ಆ ಚೀಲ ಒರಟು ಹೊಟ್ಟನ್ನಷ್ಟೇ ಹಿಡಿದು, ಕಾಣದ ಯಮನನ್ನು ವಾಪಸು ಕೋಣೆಗೇ ಬಿಡುತ್ತದಂತೆ. ತೈಸ್ತೊ ಚೀಲವನ್ನು ಕಿತ್ತೆಸೆದು, ಪೈಪಿನ ಬಾಯನ್ನು ಕಿಟಕಿಯಿಂದ ಹಿತ್ತಲ ಹಿಮದ ಮೇಲೆ ಬಿಟ್ಟ. ಧೂಳಿಗೆ ಗಡೀಪಾರು! ಅಷ್ಟಕ್ಕೂ ಸಮಾಧಾನವಾಗದೆ, ಉಳಿದ ಧೂಳು ಎಲ್ಲೂ ನುಸುಳಬಾರದೆಂದು ಕಿಟಕಿ, ಮೆಟ್ಟಿಲ ಬಾಗಿಲು, ಹಿತ್ತಲ ಬಾಗಿಲು, ಗೋಡೆಯ ಬಿರುಕು, ಎಲ್ಲಕ್ಕೂ ಟೇಪು ಜಡಿದ. ಇಲಿ ನಿಟ್ಟುಸಿರು ಬಿಟ್ಟರೂ ಹೊರಗೆ ಹೋಗುವಂತಿರಲಿಲ್ಲ. ಸೌನಾ ಬಾಗಿಲ ಕೆಳಗಿನ ಸಂದನ್ನು ಮಾತ್ರ ಬಿಟ್ಟ. ಅದನ್ನೂ ಮುಚ್ಚಿದರೆ ಅತ್ತೆಗೆ ಉಸಿರು ಕಟ್ಟೀತೆಂಬ ಹೆದರಿಕೆ.

ಐಲಿ ಮೆಟ್ಟಿಲ ಮೇಲೆ ನಿಂತು ನೋಡಿದಳು. "ಅಲ್ಲಾ, ಇದು ಇಷ್ಟೊಂದು ಗಾಳಿನ ಹೊರಗೆ ತಳ್ಳುತ್ತೆ. ಒಳಗೆ ಗಾಳಿ ಎಲ್ಲಿಂದ ಬರುತ್ತೆ?"

"ಗಾಳಿ ವಿಷಯ ನೀನು ತಲೆ ಕೆಡಿಸ್ಕೋಬೇಡ," ಎಂದ ತೈಸ್ತೊ. ಗಾಳಿಗೂ ಹೆದರಬೇಕೆಂದು ಮಾತ್ರ ಅಂತರ್ಜಾಲದಲ್ಲಿ ಯಾರೂ ಬರೆದಿರಲಿಲ್ಲ.

ಶನಿವಾರ ಬಂತು. ಐಲಿ ಒಲೆ ಹಚ್ಚಿದಳು, ಕಲ್ಲು ಕಾದವು. ಹಿಲ್ಯಾ ಟವೆಲು, ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಎಲೆಯ ಕಟ್ಟು ಹಿಡಿದು ಒಳಗೆ ಹೋದರು. ಅವರು ಬಂದ ಮೆಟ್ಟಿಲ ಬಾಗಿಲಿಗೆ ತೈಸ್ತೊ ಮತ್ತೆ ಟೇಪು ಜಡಿದ. ಕಲ್ಲಿನ ಮೇಲೆ ನೀರು ಬಿದ್ದು ಚುಸ್ಸೆಂದದ್ದೇ ತಡ, ತೈಸ್ತೊ ಎದ್ದ. ಅತ್ತೆ ಒಳಗಿರುವಾಗಲೇ ಹಲಗೆ ಕೀಸಬೇಕು, ಆದರೂ ಅವರ ಟವೆಲು ಹಾಲಿನಂತೆ ಹೊರಬರಬೇಕು, ಅದೇ ಯಂತ್ರಕ್ಕೆ ಅವನಿಟ್ಟ ಪರೀಕ್ಷೆ. ದೇವರನ್ನು ನೆನೆದು ಎರಡೂ ಯಂತ್ರಗಳ ಗುಂಡಿ ಒತ್ತಿದ. ಏನೂ ಸಿಡಿಯಲಿಲ್ಲ. ಹೊಟ್ಟು ಪೈಪಿನಲ್ಲಿ ಗಲಗಲ ಓಡಿ ಹಿಮಕ್ಕೆ ಬಿತ್ತು. ಗಾಳಿಯಲ್ಲಿ ಒಂದು ಕಣವಿಲ್ಲ. ತೈಸ್ತೊ ಮಾಸ್ಕಿನೊಳಗೇ ನಕ್ಕ.

ಆಗ ಸೌನಾ ಬಾಗಿಲ ಸಂದಿನಿಂದ ಬೂದು ಬಣ್ಣದ ಎಳೆಯೊಂದು ಹೊರಬಂತು.

ತೈಸ್ತೊ ಹಲಗೆ ಕೈಬಿಟ್ಟ. ಹೊಗೆ! ಹೊಗೆಯಿದ್ದರೆ ಹೊರಗೆ ತಳ್ಳಬೇಕು, ತಳ್ಳಲು ಯಂತ್ರವಿದೆ! ಪೈಪಿನ ಬಾಯನ್ನು ಕೀಸುವ ಯಂತ್ರದಿಂದ ಕಿತ್ತು ಸೌನಾ ಬಾಗಿಲ ಸಂದಿಗೇ ಹಿಡಿದ. ಹೊಗೆ ಇಮ್ಮಡಿಯಾಯಿತು. ಇನ್ನೂ ಒತ್ತಿ ಹಿಡಿದ. ಅದು ಕುಲುಮೆಯ ಹಾಗೆ ಉಕ್ಕಿತು. ಬೇರೆ ದಾರಿಯೆಲ್ಲ ಮುಚ್ಚಿದ್ದರಿಂದ ಯಂತ್ರ ತನಗೆ ಬೇಕಾದ ಗಾಳಿಯನ್ನು ಚಿಮಣಿಯಿಂದ ಎಳೆಯುತ್ತಿತ್ತು, ಮೇಲೆ ಹೋಗಬೇಕಾದ ಒಲೆಯ ಹೊಗೆಯೆಲ್ಲ ತಿರುಗಿ ಅತ್ತೆಯ ಮೇಲೆ ಇಳಿಯುತ್ತಿತ್ತು. ಹೊಗೆಯ ಅಲಾರಂ ಕಿರುಚತೊಡಗಿತು.

"ಅತ್ತೇ! ಹೆದರ್ಬೇಡಿ! ನಾನಿದ್ದೀನಿ!"

"ಅದಕ್ಕೇ ಕಣೋ ಹೆದರಿಕೆ!" ಎಂದು ಒಳಗಿನಿಂದ ಕೆಮ್ಮು ಕೂಗಿತು.

ಬಾಗಿಲು ಧಡಾರನೆ ತೆರೆಯಿತು. ಮಸಿಯಾದ ಹಿಲ್ಯಾ ಟವೆಲು ಸುತ್ತಿಕೊಂಡು ಬಂದು, ಅಳಿಯನನ್ನು ಪಕ್ಕಕ್ಕೆ ತಳ್ಳಿ, ಹಿತ್ತಲ ಬಾಗಿಲನ್ನು ಟೇಪು ಸಮೇತ ಒದ್ದರು. ಚಳಿಗಾಳಿ ನುಗ್ಗಿತು. ಹೊಗೆ ಮಹಾಶಯ ಏನೂ ನಡೆದೇ ಇಲ್ಲವೆಂಬಂತೆ ಚಿಮಣಿ ಹತ್ತಿ ಹೋದ. ಬಿಸಿ ಮೈಯ ಹಿಲ್ಯಾ, ಊರಿನ ವಾಡಿಕೆಯಂತೆ, ಹಿಮದಲ್ಲಿ ಉರುಳಿದರು. ಉರುಳಿದ್ದು ಸರಿಯಾಗಿ ಪೈಪು ಉಗುಳಿದ ಹೊಟ್ಟಿನ ಮೇಲೆ. ಎದ್ದಾಗ ಅವರು ಹುರಿಯಲೆಂದು ರವೆಯಲ್ಲಿ ಹೊರಳಿಸಿದ ಮೀನಿನಂತಿದ್ದರು.

ಅವರು ಸೀದಾ ಒಳಬಂದರು. ಸಲಿಕೆಯಲ್ಲಿ ಒಲೆಯ ಕೆಂಡ ತೋಡಿ ಹಿಮಕ್ಕೆಸೆದರು. ಸೌನಾದ ಹೊಗೆ ಪೂರ್ತಿ ಹೊರಹೋಗುವವರೆಗೂ ಕಾದು, ಮೈ ತೊಳೆಯಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತೈಸ್ತೊ ಪೈಪಿನ ತಂತಿ ಬಿಚ್ಚತೊಡಗಿದ. ಒಳಗೆ ಸದ್ದಿಲ್ಲ. ಗರಗಸದ ಮೇಜಿನ ಬೋಲ್ಟು ಸಡಿಲಿಸಿದ. ಇನ್ನೂ ಸದ್ದಿಲ್ಲ.

"ಐಲಿ, ನಿಮ್ಮಮ್ಮ..." ಅವನು ಸ್ಪ್ಯಾನರ್ ಹಿಡಿದೇ ಸೌನಾ ಬಾಗಿಲ ಕಡೆ ತಿರುಗಿದ.

"ಅಮ್ಮಾ!" ಐಲಿ ಬಾಗಿಲು ಬಡಿದಳು.

"ಸುಮ್ನಿರ್ರೇ! ಒಂದು ಗಳಿಗೆ ನೆಮ್ಮದಿಯಾಗಿ ಕೂರೋ ಹಾಗಿಲ್ಲ."

ಕೊನೆಗೂ ಹೊರಬಂದಾಗ ಹಿಲ್ಯಾರ ಕಣ್ಣು ತೇವವಾಗಿತ್ತು. "ನಮ್ಮಜ್ಜಿ ಸೌನಾಗೆ ಚಿಮಣಿನೇ ಇರ್ಲಿಲ್ಲ. ಒಳಗೆಲ್ಲ ಹೊಗೆ ತುಂಬ್ಸಿ, ಬೆಂಕಿ ತೆಗ್ದು, ಹೊಗೆ ಬಿಟ್ಟು, ಆಮೇಲೆ ಹೋಗಿ ಕೂರೋದು. ಆ ಮಸಿ ಗೋಡೆ ವಾಸ್ನೆ, ಆ ಮೆತ್ತಗಿನ ಬಿಸಿ... ಸತ್ತ ಮೇಲೇ ಸಿಗೋದು ಅನ್ಕೊಂಡಿದ್ದೆ." ಅಳಿಯನ ಕೈಯ ಸ್ಪ್ಯಾನರ್ ನೋಡಿದರು. "ಅದ್ಯಾಕೆ ಬಿಚ್ತಿದ್ದೀಯ? ಒಂದು ತಂತೀನೂ ಬಿಚ್ಬೇಡ. ಇಲ್ಲೇ ಇರ್ಲಿ ಎಲ್ಲಾ."

ತೈಸ್ತೊ ಬದುಕಿದ. ಖುಷಿಯಲ್ಲಿ ಹಲಗೆಯೊಂದನ್ನು ಎತ್ತಿಕೊಂಡ.

"ಅದನ್ನ ಕೆಳಗಿಡು," ಎಂದರು ಹಿಲ್ಯಾ. "ಕೊಯ್ಯೋದು ಗಿಯ್ಯೋದು ಇನ್ಮೇಲೆ ಬೇಡ, ಮಸಿ ಮೇಲೆ ಹೊಟ್ಟು ಕೂತ್ರೆ ವಾಸ್ನೆ ಕೆಡುತ್ತೆ. ಫ್ಯಾನು ಮಾತ್ರ ಹಾಕು. ನನ್ನ ತಂಗೀರಿಗೆ ಹೇಳ್ತೀನಿ, ಚರ್ಚಿನ ಹೆಂಗಸರಿಗೂ ಹೇಳ್ತೀನಿ."

ಈಗ ಪ್ರತಿ ಶನಿವಾರ ವಿಮಾ ಕಚೇರಿಯ ತೈಸ್ತೊ ಮಾಸ್ಕ್ ಹಾಕಿ, ಬೆಂಕಿ ಆರಿಸುವ ಸಿಲಿಂಡರನ್ನು ಕಂಕುಳಲ್ಲಿ ಅವುಚಿಕೊಂಡು, ಸ್ವಂತ ಮನೆಗೆ ಸ್ವಂತ ಕೈಯಿಂದ ಹೊಗೆ ತುಂಬಿಸುತ್ತಾನೆ. ಹಿತ್ತಲಲ್ಲಿ ಟವೆಲು ಹಿಡಿದು ಸಾಲುಗಟ್ಟಿದ ಹೆಂಗಸರು, "ಇನ್ನೊಂಚೂರು ಬರ್ಲಿ ತೈಸ್ತೊ, ಕೈ ಬಿಗಿ ಮಾಡ್ಬೇಡ!" ಎಂದು ಕೂಗುತ್ತಾರೆ. ಗರಗಸಕ್ಕೂ ಕೀಸುವ ಯಂತ್ರಕ್ಕೂ ಐಲಿ ಹಳೆಯ ದುಪ್ಪಟಿ ಹೊದಿಸಿದ್ದಾಳೆ.

ನೆಲಮಾಳಿಗೆಯಲ್ಲಿ ಈಗ ಹುಡುಕಿದರೂ ಒಂದು ಕಣ ಧೂಳಿಲ್ಲ.