ಲೈಟ್ ತಿರುಗಿದರೆ ಜೀವ ಐತೆ

ಆಂಬುಲೆನ್ಸಿನಲ್ಲಿ ಕೂತು ನಗಬಾರದು ಅಂತಾರೆ. ನಾನೇನು ನಗಬೇಕು ಅಂತ ಹತ್ತುತ್ತೇನೆಯೇ? ನಗು ತಾನಾಗಿ ಬಂದು ಸ್ಟ್ರೆಚರ್ ಪಕ್ಕ ಕೂತುಕೊಳ್ಳುತ್ತದೆ.

ಚನ್ನಗಿರಿಯಲ್ಲಿ ಗಾಡಿಗಳ ವೈರಿಂಗ್ ಮಾಡೋ ಅಂಗಡಿ ನನ್ನದು. ನನ್ನ ಬಾಲ್ಯದ ಗೆಳೆಯನದೊಂದು ಹಳೇ ಆಂಬುಲೆನ್ಸ್ ಐತೆ. ಅದರ ನೆತ್ತಿ ಮೇಲಿನ ಲೈಟ್ ಮೇಲಿಂದ ಮೇಲೆ ನಿಂತುಹೋಗುತ್ತದೆ. ಎರಡೇಟು ಹಾಕಿದರೆ ಮತ್ತೆ ತಿರುಗುತ್ತದೆ. ಆ ಏಟು ಹಾಕೋಕೆ ಅಂತ ನಾನು ಜೊತೆಗೆ ಹೋಗುತ್ತೇನೆ. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಗೆ ಹೋಗ್ತಾನೆ ಅನ್ನೋದು ನನಗಾಗದವರು ಹಬ್ಬಿಸಿದ ಮಾತು. ಮುಕ್ಕಾಲು ಪಾಲು ಸುಳ್ಳು.

ಗೆಳೆಯನಿಗೆ ಇರೋದು ಒಂದೇ ಆಸ್ತಿ: "ನನ್ನ ಗಾಡಿಯಾಗೆ ಇವತ್ತಿನ ತನಕ ಯಾರೂ ಸತ್ತಿಲ್ಲ." ಅದೊಂದು ಹೋದರೆ ಮುಗೀತು. ಹೆಣ ಕಂಡ ಗಾಡಿಗೆ ನಮ್ಮ ಕಡೆ ರೋಗಿ ಹತ್ತೋದಿಲ್ಲ, ಎತ್ತಿ ಹಾಕಿದರೂ ಇಳಿದು ನಡೀತಾನೆ. ಅದಕ್ಕೇ ಅವನದೊಂದು ನೇಮ. ಒಳಗೆ ಜೀವ ಇದ್ದರೆ ಮಾತ್ರ ಲೈಟ್. ಊರೂರಿನವರಿಗೂ ಇದು ಗೊತ್ತು.

ನಾಲ್ಕೂ ಮಿಟುಕಿಸಿದವರು

ಹೊನ್ನಾಳಿ ಬಿಟ್ಟು ನ್ಯಾಮತಿ ಕಡೆ ಓಡುತ್ತಿದ್ದೆವು. ಹಿಂದೆ ಹಾವು ಕಚ್ಚಿದ ಮನುಷ್ಯ, ಕಾಲು ಊದಿ ಕುಂಬಳಕಾಯಿ. ಮುಂದೊಂದು ಕಾರು, ರಸ್ತೆಯ ನಟ್ಟನಡುವೆ. ಎಡದ ಇಂಡಿಕೇಟರ್, ಬಲದ ಇಂಡಿಕೇಟರ್, ಹಿಂದಿನವು, ಮುಂದಿನವು, ಎಲ್ಲಾ ಒಟ್ಟಿಗೆ ಮಿಟುಕುತ್ತಿದ್ದವು. ಕೆಟ್ಟಿರಬೇಕು ಪಾಪ ಅಂತ ಎಡಕ್ಕೆ ಹೋದರೆ ಎಡಕ್ಕೆ ಬಂತು, ಬಲಕ್ಕೆ ಹೋದರೆ ಬಲಕ್ಕೆ. ಸರ್ಕಲ್‌ನಲ್ಲಿ ಹೇಗೋ ಪಕ್ಕಕ್ಕೆ ಸಿಕ್ಕಿತು.

"ಏನ್ರೀ ಯಜಮಾನ್ರೆ, ನಾಲ್ಕೂ ಹಾಕೀರಲ್ಲ, ಎತ್ಲಾಗೆ ಹೋಗ್ತೀರಿ?" ಅಂತ ಗೆಳೆಯ ಕೂಗಿದ.

"ಎತ್ಲಾಗೂ ಇಲ್ಲಪ್ಪ, ಸೀದಾ. ಎಡಕ್ಕೂ ತಿರುಗಲ್ಲ, ಬಲಕ್ಕೂ ತಿರುಗಲ್ಲ, ಅದಕ್ಕೆ ನಾಲ್ಕೂ ಹಾಕೀನಿ."

"ಹಿಂದೆ ನಮ್ಮ ಲೈಟ್ ತಿರುಗ್ತಿರೋದು ಕಾಣಲಿಲ್ವೇನ್ರೀ?"

"ಕಾಣ್ತಲ್ಲ. ನೀವೂ ಸೀದಾ ಹೋಗೋರು ಅನ್ಕೊಂಡೆ."

ರೋಗಿ ಬದುಕಿದ. ಕಾಲಿನ ಎರಡು ಬೆರಳು ಮಾತ್ರ ಆ ಕಾರಿನವರ ಲೆಕ್ಕಕ್ಕೆ ಹೋದವು.

ಡಿಮ್ ಮಾಡದ ಸಾಹುಕಾರ

ತ್ಯಾವಣಿಗೆ ಹತ್ತಿರ, ಮಬ್ಬುಗತ್ತಲ ಹೊತ್ತು. ಎದುರಿಗೊಂದು ಹೊಸ ಕಾರು. ಅದರ ಹೆಡ್‌ಲೈಟ್ ಎಂಥಾದ್ದು ಅಂದರೆ, ನಮ್ಮ ಗಾಡಿಯ ಹಿಂದಿನ ಗಾಜಿನ ಮೇಲೆ ಕೂತ ನೊಣಕ್ಕೂ ಕಣ್ಣು ಕುಕ್ಕಿತು. ನಾವು ಡಿಮ್ ಮಾಡಿದೆವು, ಡಿಪ್ ಹೊಡೆದೆವು, ಕೈ ಮುಗಿದೆವು. ಆಸಾಮಿ ಗಾಡಿ ನಿಲ್ಲಿಸಿ ನಮಗೇ ಗದರಿಸಿದ: "ಡಿಮ್ ಮಾಡಿದ್ರೆ ನನಗೇನು ಕಾಣತೈತ್ರೀ? ಲೈಟ್ ಇರೋದು ನೋಡಾಕೆ!"

ಮುಂದಿನ ವಾರ ಅದೇ ಕಾರು ಭದ್ರಾ ಕಾಲುವೆಯಲ್ಲಿತ್ತು, ಮೂತಿ ಕೆಳಗೆ. ಲೈಟ್ ಮಾತ್ರ ನೀರೊಳಗೂ ಉರಿಯುತ್ತಿತ್ತು. ಸೊಂಟ ಮುರಿದ ಸಾಹುಕಾರನನ್ನು ಎತ್ತಿ ನಮ್ಮ ಗಾಡಿಗೇ ಹಾಕಿದರು. ದಾರಿಯಲ್ಲಿ ಎದುರಿನ ಲಾರಿಯ ಬೆಳಕು ಮುಖಕ್ಕೆ ಹೊಡೆಯಿತು. ಅಷ್ಟು ಹೊತ್ತು ನರಳುತ್ತಿದ್ದವನು ತಟ್ಟನೆ ಕಣ್ಣು ಬಿಟ್ಟ.

"ಯಾವನೋ ಅವನು? ಡಿಮ್ ಮಾಡಾಕೆ ಬರಲ್ವಾ? ಮನುಷ್ಯರು ಹೋಗೋದು ಬ್ಯಾಡ್ವಾ ರೋಡ್ನಾಗೆ?"

ಹುರುಳಿ

ಬಿಳಿಚೋಡಿನಲ್ಲಿ ಗೆಳೆಯನ ಸೋದರಮಾವನಿಗೆ ಎದೆನೋವು ಬಂತು. ಬೆಳಿಗ್ಗೆ ದಾವಣಗೆರೆಗೆ ಹೊರಟೆವು. ಊರಾಚೆ ಒಬ್ಬಾಕೆ ರಸ್ತೆ ತುಂಬ ಹುರುಳಿ ಬಳ್ಳಿ ಹರವಿದ್ದಳು. ಜಗಳೂರು ಸೀಮೆಯಲ್ಲಿ ರಸ್ತೆಯೇ ಕಣ, ಕಾಳು ಉದುರಿಸೋದು ಹೋಗಿಬರೋ ಗಾಡಿಗಳು. ಆಕೆ ತಿರುಗೋ ಲೈಟ್ ನೋಡಿದಳು. "ಜೀವ ಐತೆ, ಹೋಗ್ರಿ, ಮೇಲೇ ಹೋಗ್ರಿ!" ಅಂದಳು. "ಮೆತ್ತಗೆ ಓಡಿಸ್ರೋ," ಅಂತ ಮಾವ ಒಳಗಿಂದ ಗೊಣಗಿದ.

ಮಧ್ಯಾಹ್ನ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡ. "ನಿನ್ನ ಗಾಡಿಯಾಗೇ ಬರ್ಲಿ ಕಣಪ್ಪ," ಅಂತ ಅತ್ತೆ ಕೈ ಹಿಡಿದಳು. ಇಲ್ಲ ಅನ್ನೋದು ಹೇಗೆ? ಮನೆಯವರು ಕಾರಿನಲ್ಲಿ ಮುಂದೆ ಹೋದರು. ಗೆಳೆಯ ಕಣ್ಣೊರೆಸಿಕೊಂಡು ಲೈಟ್ ಆರಿಸಿ, ಯಾರ ಕಣ್ಣಿಗೂ ಬೀಳದಂತೆ ಓಡಿಸಿದ. ನಾನು ಹಿಂದೆ ಮಾವನ ಪಕ್ಕ.

ಹುರುಳಿ ಹತ್ತಿರ ಆಕೆ ಬಡಿಗೆ ಹಿಡಿದು ಅಡ್ಡ ನಿಂತಳು.

"ಒಳಗೆ ಮಲಗಿಸೀರಿ, ಲೈಟ್ ಆರೈತೆ! ತಿನ್ನೋ ಕಾಳಿನ ಮ್ಯಾಲೆ ಹೆಣ ಹಾಯಿಸ್ತೀರಾ? ಹೊಲದಾಗೆ ಇಳಿಸ್ರಿ!"

ಪಕ್ಕದ ಹೊಲಕ್ಕೆ ಆಗಷ್ಟೇ ಬೋರಿನ ನೀರು ಬಿಟ್ಟಿದ್ದರು. ಇಳಿಸಿದ್ದರೆ ಮಾವನ ಜೊತೆ ಗಾಡಿಗೂ ಅಲ್ಲೇ ಮಣ್ಣಾಗುತ್ತಿತ್ತು. ಹೊತ್ತು ಮುಳುಗೋದರೊಳಗೆ ಮನೆ ಸೇರಬೇಕು. "ಲೈಟ್ ಹಾಕೋ," ಅಂತ ಪಿಸುಗುಟ್ಟಿದೆ. ಲೈಟ್ ತಿರುಗಿತು. ನಾನು ಮಾವನ ಹಿಂದೆ ಬಗ್ಗಿ, ಅವನದೇ ದನಿಯಲ್ಲಿ ನರಳಿದೆ: "ಅದೀನಿ ಕಣವ್ವಾ... ಇನ್ನೂ ಅದೀನಿ..."

"ಅಯ್ಯೋ, ಇದ್ದೀಯೇನಣ್ಣಾ!" ಆಕೆ ಬಡಿಗೆ ಬಿಸಾಕಿದಳು. "ಹೋಗ್ರಪ್ಪಾ ಹೋಗ್ರಿ... ತಡೀರಿ, ಹಂಗೇ ಹಿಂದಕ್ಕೆ ಬಂದು ಇನ್ನೊಂದು ಸಲ ಹೋಗ್ರಿ. ಆ ಅಂಚಿಂದು ಕಾಳು ಉದುರಿಲ್ಲ."

ಗೆಳೆಯ ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಹೋದ, ಮುಂದಕ್ಕೆ ಬಂದ. ಮಾವ ಬದುಕಿದ್ದಾಗ ಯಾರ ಕಣಕ್ಕೂ ಕಾಲಿಟ್ಟವನಲ್ಲ.

ಮನೆ ಮುಂದೆ ಇಳಿಸಿದ ಸ್ವಲ್ಪ ಹೊತ್ತಿಗೆ ಆಕೆ ಎದೆ ಬಡಿದುಕೊಂಡು ಓಡಿ ಬಂದಳು.

"ಈಗಿನ್ನೂ ನನ್ನ ಕೂಡ ಮಾತಾಡಿದ್ನಲ್ರಪ್ಪೋ! ನನ್ನ ಹುರುಳಿ ದಾಟೋ ತನಕ ಇದ್ದ. ಡಾಕ್ಟ್ರಿಗೆ ಗೊತ್ತಾಗಿಲ್ಲ, ಆಸ್ಪತ್ರೆಯಾಗಲ್ಲ, ಈ ಗಾಡಿಯಾಗೇ ಸತ್ತಾನೆ!"

ನೆರೆದವರೆಲ್ಲ ಗಾಡಿ ಕಡೆ ತಿರುಗಿದರು. ಇಲ್ಲ, ಮಧ್ಯಾಹ್ನವೇ ಹೋಗಿದ್ದ ಅನ್ನೋಣವೆಂದರೆ, ಹುರುಳಿ ಮೇಲೆ ಎರಡೆರಡು ಸಲ ಹಾಯಿಸಿದ್ದು ಯಾರನ್ನ? ಬಡಿಗೆ ಇನ್ನೂ ರಸ್ತೆಯಲ್ಲೇ ಬಿದ್ದಿತ್ತು, ಆಕೆ ಹೋಗಿ ಎತ್ತಿಕೊಳ್ಳೋಕೆ ಎಷ್ಟು ಹೊತ್ತು? ಅಲ್ಲಿಗೆ ಅವನ ಗಾಡಿಯಲ್ಲಿ ಸತ್ತ ಮೊದಲನೆಯವನು, ಸತ್ತ ಮೇಲೆ ಹತ್ತಿದವನೇ ಆದ.

ಮಣ್ಣು ಮುಗಿಸಿ ವಾಪಸ್ ಹೊರಟಾಗ ಗೆಳೆಯ ನನ್ನನ್ನು ಹಿಂದಿನ ಸ್ಟ್ರೆಚರ್ ಮೇಲೆ ಕೂರಿಸಿ ಬಾಗಿಲು ಹಾಕಿದ. ಲೈಟ್ ಹಚ್ಚಿದ. ಚಾ ಅಂಗಡಿ ಮುಂದೆ ನಿಲ್ಲಿಸಿದಾಗ ಅಂಗಡಿಯವ ಕೇಳಿದ:

"ಲೈಟ್ ತಿರುಗ್ತೈತಲ್ಲ, ಒಳಗೆ ಯಾರದಾರ್ರೀ? ಹೆಂಗದಾರೆ?"

ಗೆಳೆಯ ಚಾ ಊದಿಕೊಂಡು ಗಾಜಿನೊಳಗಿದ್ದ ನನ್ನ ಕಡೆ ನೋಡಿದ.

"ಸದ್ಯಕ್ಕೆ ಜೀವ ಐತೆ. ಚನ್ನಗಿರಿ ತನಕ ಇರ್ತೈತೋ ಇಲ್ವೋ, ನಾನು ಹೇಳಂಗಿಲ್ಲ."